ಮಾನಿಟರ್‌ಗೂ ಅಪ್‌ಡೇಟ್ ಹಾಕಬೇಕಾ? ಮೊದಲು ಕರೆಂಟ್ ನೋಡಿಕೊಳ್ಳಿ

ಮೂರು ವಾರ ನನ್ನ ಮಾನಿಟರ್ ನನ್ನ ಜೊತೆ ಒಂದೇ ಆಟ ಆಡಿತು. ಬೆಳಗ್ಗೆ ಕಂಪ್ಯೂಟರ್ ಎಬ್ಬಿಸಿದರೆ ಫ್ಯಾನ್ ತಿರುಗುತ್ತದೆ, ಕೀಬೋರ್ಡಿನ ದೀಪ ಬರುತ್ತದೆ, ಮಾನಿಟರ್ ಮಾತ್ರ ಕಪ್ಪು. ಕೇಬಲ್ ಬದಲಿಸಿದೆ. ಗ್ರಾಫಿಕ್ಸ್ ಡ್ರೈವರ್ ಕಿತ್ತು ಮತ್ತೆ ಹಾಕಿದೆ. ಕಾರ್ಡೇ ಹೋಯಿತೇನೋ ಅಂತ ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಗೆ ಫೋನ್ ಮಾಡಿ ಹೊಸದರ ರೇಟೂ ಕೇಳಿದೆ. ಕೊನೆಗೆ ಒಂದು ದಿನ ಸಿಟ್ಟಿನಲ್ಲಿ ಮಾನಿಟರ್‌ನ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿದೆ ನೋಡಿ, ಚಿತ್ರ ಬಂತು. ಹ್ಯಾಂಗ್ ಆಗುತ್ತಿದ್ದದ್ದು ಕಂಪ್ಯೂಟರ್ ಅಲ್ಲವೇ ಅಲ್ಲ, ಮಾನಿಟರ್! ಕಂಪನಿಯ ಸಪೋರ್ಟ್ ಪುಟಕ್ಕೆ ಹೋದರೆ ನನ್ನ ಮಾದರಿಗೆ ಹೊಸ ಫರ್ಮ್‌ವೇರ್, ಅಂದರೆ ಮಾನಿಟರ್ ಒಳಗೆ ಓಡುವ ಪ್ರೋಗ್ರಾಮ್, ಬಂದು ಎಂಟು ತಿಂಗಳಾಗಿತ್ತು. ಸ್ಲೀಪ್‌ನಿಂದ ಏಳದ ತೊಂದರೆ ಸರಿಮಾಡಿದ್ದೇವೆ ಅಂತ ಅದರಲ್ಲಿ ಒಂದೇ ಸಾಲು ಬರೆದಿದ್ದರು. ಯಾರೂ ನನಗೆ ಹೇಳಿರಲಿಲ್ಲ. ಫೋನ್ ಆದರೆ ದಿನಕ್ಕೆ ಮೂರು ಸಲ ಅಪ್‌ಡೇಟ್ ಮಾಡು ಅಂತ ಪೀಡಿಸುತ್ತದೆ, ಮಾನಿಟರ್ ಸುಮ್ಮನೆ ಕೂತಿರುತ್ತದೆ.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಅಪ್‌ಡೇಟ್ ಹೇಗೆ ಮಾಡುವುದು, ಯಾವಾಗ ಮಾಡಬಾರದು, ನಾನು ಎಲ್ಲೆಲ್ಲಿ ಎಡವಿದೆ, ಎಲ್ಲಾ ಇದೆ.

ಒಳಗೆ ಏನಿದೆ?

ತೀರಾ ಸಾದಾ ಮಾನಿಟರ್‌ನಲ್ಲೂ ಸ್ಕೇಲರ್ ಅನ್ನುವ ಒಂದು ಚಿಪ್ ಇರುತ್ತದೆ. ಎಚ್‌ಡಿಎಂಐ ಅಥವಾ ಡಿಸ್ಪ್ಲೇಪೋರ್ಟ್‌ನಿಂದ ಬಂದ ಚಿತ್ರವನ್ನು ಪ್ಯಾನೆಲ್‌ನ ಅಳತೆಗೆ ಹೊಂದಿಸುವುದು, ಬಣ್ಣ ಸರಿಮಾಡುವುದು, ನೀವು ಗುಂಡಿ ಒತ್ತಿದಾಗ ಮೆನು ತೋರಿಸುವುದು ಎಲ್ಲಾ ಇದರ ಕೆಲಸ. ರಿಯಲ್‌ಟೆಕ್, ಮೀಡಿಯಾಟೆಕ್, ನೋವಾಟೆಕ್ ಥರದ ಕಂಪನಿಗಳು ಇದನ್ನು ಮಾಡುತ್ತವೆ. ಈ ಚಿಪ್ಪನ್ನು ನಡೆಸುವ ಪ್ರೋಗ್ರಾಮ್ ಪಕ್ಕದ ಚಿಕ್ಕ ಫ್ಲ್ಯಾಶ್ ಮೆಮೊರಿಯಲ್ಲಿರುತ್ತದೆ. ಅದೇ ಫರ್ಮ್‌ವೇರ್. ಇದರ ಜೊತೆ ಇಡಿಐಡಿ ಅಂತ ಒಂದು ಪುಟ್ಟ ಮಾಹಿತಿ ಚೀಟಿ ಇರುತ್ತದೆ, ಮೂಲ ಭಾಗ ಬರೀ 128 ಬೈಟ್. ‘ನಾನು ಇಂಥ ಕಂಪನಿಯವನು, ಇಷ್ಟು ರೆಸಲ್ಯೂಷನ್ ಆಗುತ್ತದೆ, ಇಷ್ಟು ಹರ್ಟ್ಸ್, ಅಂದರೆ ಸೆಕೆಂಡಿಗೆ ಇಷ್ಟು ಸಲ ಚಿತ್ರ ಬದಲಿಸಲು ಆಗುತ್ತದೆ’ ಅಂತ ಮಾನಿಟರ್ ಕಂಪ್ಯೂಟರ್‌ಗೆ ತನ್ನ ಪರಿಚಯ ಹೇಳಿಕೊಳ್ಳುವುದು ಇದರಿಂದಲೇ.

ಇದು ಸಾದಾ ಮಾನಿಟರ್ ಕಥೆ. ಟೈಪ್-ಸಿ, ಯುಎಸ್‌ಬಿ ಹಬ್, ಕೆವಿಎಂ (ಒಂದೇ ಕೀಬೋರ್ಡ್, ಮೌಸ್‌ನಿಂದ ಎರಡು ಕಂಪ್ಯೂಟರ್ ನಡೆಸುವ ಸ್ವಿಚ್), ಲ್ಯಾನ್ ಪೋರ್ಟ್ ಇರುವ ಆಫೀಸ್ ಮಾದರಿಗಳಲ್ಲಿ, ಉದಾಹರಣೆಗೆ 2022ರ ಡೆಲ್ ಯು2723ಕ್ಯೂಇಯಲ್ಲಿ, ಸ್ಕೇಲರ್ ಅಲ್ಲದೆ ಇನ್ನೂ ಹಲವು ಚಿಪ್‌ಗಳು ಕೆಲಸ ಮಾಡುತ್ತಿರುತ್ತವೆ. ಗ್ರಾಫಿಕ್ಸ್ ಕಾರ್ಡಿನ ವೇಗಕ್ಕೆ ಪರದೆಯನ್ನು ಹೊಂದಿಸುವ ಎನ್‌ವಿಡಿಯಾದ ಜಿ-ಸಿಂಕ್ 2013ರಲ್ಲಿ ಬಂದಾಗ ಸ್ಕೇಲರ್ ಜಾಗದಲ್ಲಿ ಒಂದು ಇಡೀ ಬೋರ್ಡನ್ನೇ ಕೂರಿಸುತ್ತಿದ್ದರು, ಅದಕ್ಕೇ 768 ಎಂಬಿ ಮೆಮೊರಿ. ಮುಂದೆ ಎಚ್‌ಡಿಆರ್ (ಬೆಳಕು-ಕತ್ತಲೆಯ ವ್ಯತ್ಯಾಸ ಹೆಚ್ಚು ತೋರಿಸುವ) ಮಾದರಿಗಳಿಗೆ ಬಂದ ಬೋರ್ಡಿನಲ್ಲಿ 3 ಜಿಬಿ! ಸ್ಯಾಮ್‌ಸಂಗ್ 2020ರ ಕೊನೆಯಲ್ಲಿ ತಂದ ಸ್ಮಾರ್ಟ್ ಮಾನಿಟರ್‌ಗಳಲ್ಲಿ ಟಿವಿಯಲ್ಲಿರುವ ಟೈಜೆನ್ ವ್ಯವಸ್ಥೆಯೇ ಇದೆ, ಕಂಪ್ಯೂಟರ್ ಇಲ್ಲದೆಯೂ ಅದರಲ್ಲಿ ಸಿನಿಮಾ ನೋಡಬಹುದು. ಎಲ್ಲಕ್ಕಿಂತ ಮಜಾ ಆಪಲ್‌ನದು. 2022ರ ಮಾರ್ಚ್‌ನಲ್ಲಿ ಬಂದ ಸ್ಟುಡಿಯೋ ಡಿಸ್ಪ್ಲೇ ಒಳಗೆ ಐಫೋನ್ 11ರಲ್ಲಿದ್ದ ಎ13 ಬಯೋನಿಕ್ ಚಿಪ್ ಇದೆ, 64 ಜಿಬಿ ಸ್ಟೋರೇಜ್ ಇದೆ, ಅದು ಓಡಿಸುವುದು ಐಒಎಸ್ ಅನ್ನೇ. ಒಂದು ಐಫೋನ್ ಕೂಡಿಸಿಟ್ಟ ಪರದೆ ಅನ್ನಿ.

ಇಷ್ಟೆಲ್ಲಾ ಸಾಫ್ಟ್‌ವೇರ್ ಇರುವ ಕಡೆ ಬಗ್ ಇರದೆ ಇರುತ್ತದಾ?

ಅಪ್‌ಡೇಟ್ ಬೇಕಾ ಬೇಡವಾ

ನನ್ನ ಮಟ್ಟಿಗೆ ಉತ್ತರ ಹೀಗೆ: ತೊಂದರೆ ಇದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ. ಫೋನಿನ ನಿಯಮ ಇಲ್ಲಿ ನಡೆಯುವುದಿಲ್ಲ. ಫೋನ್ ಅಪ್‌ಡೇಟ್ ಅರ್ಧಕ್ಕೆ ನಿಂತರೂ ಸಾಮಾನ್ಯವಾಗಿ ಬದುಕುತ್ತದೆ. ಮಾನಿಟರ್‌ನಲ್ಲಿ ಹಳೆಯ ಪ್ರೋಗ್ರಾಮ್ ಅಳಿಸಿ ಅದೇ ಜಾಗದಲ್ಲಿ ಹೊಸದು ಬರೆಯುವ ಮಾದರಿಗಳು ಬಹಳ ಇವೆ. ನಡುವೆ ಕರೆಂಟ್ ಹೋದರೆ ಅದಕ್ಕೆ ತಾನು ಯಾರು ಅನ್ನುವುದೇ ಮರೆತುಹೋಗುತ್ತದೆ.

ಸ್ಲೀಪ್‌ನಿಂದ ಏಳದಿರುವುದು, ಆಟ ಆಡುವಾಗ ಪರದೆ ಮಿಣಮಿಣ ಅನ್ನುವುದು, ಎಚ್‌ಡಿಆರ್ ಹಾಕಿದರೆ ಚಿತ್ರ ಮಬ್ಬಾಗುವುದು, ಗೇಮ್ ಕನ್ಸೋಲ್ ಜೊತೆ 120 ಹರ್ಟ್ಸ್ ಸಿಗದಿರುವುದು, ಕೆವಿಎಂ ಬದಲಿಸಿದಾಗ ಕೀಬೋರ್ಡ್ ಮಾಯವಾಗುವುದು. ಇವು ಫರ್ಮ್‌ವೇರ್‌ನಿಂದ ಸರಿಹೋಗಬಹುದಾದ ತೊಂದರೆಗಳು. ಸತ್ತ ಪಿಕ್ಸೆಲ್, ಮೂಲೆಯಲ್ಲಿ ಬೆಳಕು ಸೋರುವುದು, ಸಡಿಲವಾದ ಪೋರ್ಟ್, ಇವಕ್ಕೆಲ್ಲ ಯಾವ ಅಪ್‌ಡೇಟೂ ಮದ್ದಲ್ಲ. 2016ರಲ್ಲಿ ಬಂದ ಎಲ್‌ಜಿಯ ಅಲ್ಟ್ರಾಫೈನ್ 5ಕೆ ಮಾನಿಟರ್ ವೈಫೈ ರೂಟರ್ ಹತ್ತಿರ ಇಟ್ಟರೆ ಒದ್ದಾಡುತ್ತಿತ್ತು. ಅದಕ್ಕೆ ಫರ್ಮ್‌ವೇರ್ ಕೆಲಸಕ್ಕೆ ಬರಲಿಲ್ಲ, 2017ರ ಫೆಬ್ರವರಿ ನಂತರ ತಯಾರಾದವಕ್ಕೆ ಒಳಗೆ ಹೆಚ್ಚಿನ ರಕ್ಷಾಕವಚ ಕೂರಿಸಬೇಕಾಯಿತು. ಆದ್ದರಿಂದ ಮೊದಲು ಅಪ್‌ಡೇಟ್ ಜೊತೆ ಬರುವ ಟಿಪ್ಪಣಿ ಓದಿ. ನಿಮ್ಮ ತೊಂದರೆ ಅದರಲ್ಲಿದೆಯಾ? ಇದ್ದರೆ ಮುಂದೆ ಹೋಗಿ. ‘ಕಾರ್ಯಕ್ಷಮತೆ ಹೆಚ್ಚಿಸಲಾಗಿದೆ’ ಅಂತ ಮಾತ್ರ ಇದ್ದರೆ ನಾನಂತೂ ಮುಟ್ಟುವುದಿಲ್ಲ.

ಸರಿಯಾದ ಫೈಲ್ ಹುಡುಕುವುದು

ಮಾನಿಟರ್‌ನ ಮೆನು ತೆರೆದು ಇನ್ಫರ್ಮೇಷನ್, ಅದರ್ಸ್, ಸಪೋರ್ಟ್ ಈ ಮೂರರಲ್ಲಿ ಎಲ್ಲೋ ಒಂದು ಕಡೆ ಫರ್ಮ್‌ವೇರ್ ನಂಬರ್ ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಹಿಂದೆ ಅಂಟಿಸಿರುವ ಸ್ಟಿಕ್ಕರ್‌ನಿಂದ ಪೂರ್ತಿ ಮಾದರಿ ಸಂಖ್ಯೆ ಬರೆದುಕೊಳ್ಳಿ. ಪೂರ್ತಿ ಅಂದರೆ ಪೂರ್ತಿ, ಕೊನೆಯ ಅಕ್ಷರಗಳೂ ಸೇರಿ. ಸ್ಯಾಮ್‌ಸಂಗ್‌ನಲ್ಲಿ ನಮ್ಮ ದೇಶದ ಮಾದರಿಗಳ ಸಂಖ್ಯೆ ಎಕ್ಸ್‌ಎಕ್ಸ್‌ಎಲ್ ಅಂತ ಮುಗಿಯುತ್ತದೆ, ಅಮೆರಿಕದ್ದು ಎಕ್ಸ್‌ಝಡ್‌ಎ. ಅಣ್ಣನೋ ಗೆಳೆಯನೋ ಅಮೆರಿಕದಿಂದ ತಂದುಕೊಟ್ಟ ಮಾನಿಟರ್ ಆದರೆ ಆ ದೇಶದ ಪುಟದಲ್ಲೇ ಹುಡುಕಿ. ಹೆಸರು ಒಂದೇ ಆದರೂ ಒಳಗಿನ ಸಾಮಾನು ಬೇರೆ ಇರುವುದುಂಟು. ಗಿಗಾಬೈಟ್ ಎಂ27ಕ್ಯೂನಲ್ಲಿ ರಿವಿಷನ್ 1.0 ಮತ್ತು 2.0 ಅಂತ ಎರಡಿವೆ, ಎರಡಕ್ಕೂ ಪ್ಯಾನೆಲ್ಲೇ ಬೇರೆ. ಒಂದರ ಫೈಲ್ ಇನ್ನೊಂದಕ್ಕೆ ಹಾಕಲು ಹೋಗಬೇಡಿ.

ಫೈಲ್ ಕಂಪನಿಯ ಪುಟದಿಂದ ಮಾತ್ರ. ಯಾರೋ ಡ್ರೈವ್‌ನಲ್ಲಿ ಹಾಕಿ ಲಿಂಕ್ ಕೊಟ್ಟಿದ್ದು, ಟೆಲಿಗ್ರಾಮ್‌ನಲ್ಲಿ ಬಂದಿದ್ದು, ಬೇಡವೇ ಬೇಡ. ಇದು ಬರೀ ಹೆದರಿಕೆಯ ಮಾತಲ್ಲ. 2016ರಲ್ಲಿ ಲಾಸ್ ವೇಗಸ್‌ನ ಡೆಫ್ ಕಾನ್ ಸಮ್ಮೇಳನದಲ್ಲಿ ರೆಡ್ ಬಲೂನ್ ಸೆಕ್ಯುರಿಟಿಯ ಆಂಗ್ ಕುಯಿ ಮತ್ತು ಅವರ ತಂಡದವರು ಡೆಲ್ ಯು2410 ಮಾನಿಟರ್‌ನ ಫರ್ಮ್‌ವೇರ್ ಬದಲಿಸಿ ತೋರಿಸಿದರು. ಕಂಪ್ಯೂಟರ್ ಕಳಿಸಿದ ಚಿತ್ರ ಒಂದು, ಪರದೆಯಲ್ಲಿ ಕಾಣುವುದು ಇನ್ನೊಂದು. ಸೈಟ್ ಸುರಕ್ಷಿತ ಅಂತ ತೋರಿಸುವ, ಬ್ರೌಸರ್‌ನಲ್ಲಿ ಇಲ್ಲದ ಬೀಗದ ಗುರುತು ಪರದೆಯ ಮೇಲೆ ಬರುತ್ತದೆ! ಕಂಪ್ಯೂಟರ್‌ನ ಆಂಟಿವೈರಸ್‌ಗೆ ಇದರ ಸುಳಿವೂ ಸಿಗುವುದಿಲ್ಲ, ಯಾಕೆಂದರೆ ಕಂಪ್ಯೂಟರ್‌ನಲ್ಲಿ ಏನೂ ಆಗಿಯೇ ಇಲ್ಲ.

ಶುರು ಮಾಡುವ ಮುಂಚೆ

ಕರೆಂಟ್ ಮೊದಲು. ಮಾನಿಟರ್ ಮತ್ತು ಕಂಪ್ಯೂಟರ್ ಎರಡೂ ಯುಪಿಎಸ್ ಮೇಲಿರಲಿ. ಕಂಪ್ಯೂಟರ್ ಯುಪಿಎಸ್‌ನಲ್ಲಿ, ಮಾನಿಟರ್ ಗೋಡೆಯ ಸಾಕೆಟ್‌ನಲ್ಲಿ ಅನ್ನುವ ಮನೆಗಳು ಬಹಳ, ನಮ್ಮದೂ ಹಾಗೇ ಇತ್ತು. ಮನೆಯ ಇನ್ವರ್ಟರ್ ಮೇಲೆ ಇದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ. ಇನ್ನೊಂದು ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಬೇಕು, ಟ್ಯೂಬ್‌ಲೈಟ್‌ಗೆ ಅದು ಲೆಕ್ಕಕ್ಕಿಲ್ಲ, ಮಾನಿಟರ್ ಅಷ್ಟರಲ್ಲಿ ಆಫ್ ಆಗಿರುತ್ತದೆ. ಎರಡೂ ಇಲ್ಲವಾ? ಹಾಗಾದರೆ ಮಳೆಗಾಲದ ಸಂಜೆ ಗುಡುಗುತ್ತಿರುವಾಗ ಈ ಕೆಲಸಕ್ಕೆ ಕೂರಬೇಡಿ. ನಿಮ್ಮ ಕಡೆ ಕರೆಂಟ್ ಹೋಗದ ಹೊತ್ತು ಯಾವುದು ಅಂತ ನಿಮಗೇ ಗೊತ್ತಿರುತ್ತದೆ.

ಎರಡನೆಯದು ನಾನು ಎಡವಿದ ಜಾಗ. ನನ್ನ ಕೀಬೋರ್ಡ್, ಮೌಸ್ ಎರಡೂ ಮಾನಿಟರ್‌ನ ಹಬ್‌ಗೆ ಸಿಕ್ಕಿಸಿದ್ದವು. ಅಪ್‌ಡೇಟ್ ಶುರುವಾದ ಕೂಡಲೇ ಹಬ್ ಸತ್ತಿತು, ಪರದೆಯಲ್ಲಿ ‘ಮುಂದುವರಿಸಲೇ?’ ಅಂತ ಬಂದ ಪ್ರಶ್ನೆಗೆ ಓಕೆ ಒತ್ತಲು ಮೌಸ್ ಇಲ್ಲ. ಬೆವರು ಬಂತು. ಹಾಗಾಗಿ ಎಲ್ಲವನ್ನೂ ನೇರ ಕಂಪ್ಯೂಟರ್‌ಗೆ ಹಾಕಿ, ಹಬ್‌ನಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ಇಜೆಕ್ಟ್ ಮಾಡಿ ತೆಗೆಯಿರಿ. ಟೈಪ್-ಸಿ ಕೇಬಲ್ ಒಂದರಲ್ಲೇ ಲ್ಯಾಪ್‌ಟಾಪ್ ಚಾರ್ಜ್ ಕೂಡ ಆಗುತ್ತಿದ್ದರೆ, ನಡುವೆ ಆ ಚಾರ್ಜೂ ನಿಲ್ಲಬಹುದು. ಅದರದೇ ಚಾರ್ಜರ್ ಹಾಕಿಕೊಳ್ಳಿ. ಮಾನಿಟರ್‌ನ ಲ್ಯಾನ್ ಪೋರ್ಟ್‌ನಿಂದ ಇಂಟರ್ನೆಟ್ ಬರುತ್ತಿದ್ದರೆ ಫೈಲನ್ನು ಮೊದಲೇ ಇಳಿಸಿಕೊಂಡಿರಿ.

ಮೆನುವಿನ ಎಲ್ಲ ಸೆಟ್ಟಿಂಗ್‌ಗಳ ಫೋಟೋ ತೆಗೆದುಕೊಳ್ಳಿ. ಬ್ರೈಟ್‌ನೆಸ್, ಬಣ್ಣ, ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಸೆಟ್ಟಿಂಗ್) ಎಲ್ಲಾ ಅಳಿಸಿಹೋಗುವ ಸಾಧ್ಯತೆ ಜಾಸ್ತಿ. ವಿಂಡೋಸ್‌ನಲ್ಲಿ ಪರದೆ ಆಫ್ ಆಗುವ ಸಮಯವನ್ನು ನೆವರ್ ಅಂತ ಇಡಿ, ಎಚ್‌ಡಿಆರ್ ಆಫ್ ಮಾಡಿ. ಪರದೆ ಕಪ್ಪಾದಾಗ ಓದಲು ಕಂಪನಿಯ ಸೂಚನೆ ಫೋನ್‌ನಲ್ಲಿ ತೆರೆದಿಟ್ಟುಕೊಳ್ಳಿ.

ಪೆನ್‌ಡ್ರೈವ್ ದಾರಿ

ಸ್ಯಾಮ್‌ಸಂಗ್‌ನ ಒಡಿಸ್ಸಿ ಜಿ7, ಜಿ9 ಥರದವಕ್ಕೆ ಇದೇ ದಾರಿ. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಪೆನ್‌ಡ್ರೈವ್ ತಗೊಂಡು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ದೊಡ್ಡ ಡ್ರೈವ್‌ಗಳು ಅಂಗಡಿಯಿಂದಲೇ ಎಕ್ಸ್‌ಫ್ಯಾಟ್ ಆಗಿ ಬರುತ್ತವೆ, ಮಾನಿಟರ್‌ಗೆ ಅದು ಓದಲು ಬರುವುದಿಲ್ಲ, ಫೈಲೇ ಇಲ್ಲ ಅನ್ನುತ್ತದೆ. ಇಳಿಸಿಕೊಂಡ ಜಿಪ್ ಬಿಚ್ಚಿ, ಒಳಗಿನ ಫೈಲನ್ನು ಯಾವ ಫೋಲ್ಡರ್‌ಗೂ ಹಾಕದೆ ಡ್ರೈವ್‌ನ ಮೇಲ್ಮಟ್ಟದಲ್ಲೇ ಇಡಿ. ಹೆಸರು ಬದಲಿಸಬೇಡಿ. ಎರಡು ಸಲ ಡೌನ್‌ಲೋಡ್ ಮಾಡಿದರೆ ಹೆಸರಿನ ಕೊನೆಗೆ ಕಂಸದಲ್ಲಿ ಒಂದು ಅಂತ ಸೇರಿಕೊಳ್ಳುತ್ತದಲ್ಲ, ಅಷ್ಟಕ್ಕೇ ಕೆಲವು ಮಾನಿಟರ್‌ಗಳು ಮುನಿಸಿಕೊಳ್ಳುತ್ತವೆ. ಸುರಕ್ಷಿತವಾಗಿ ಇಜೆಕ್ಟ್ ಮಾಡಿ, ಸುಮ್ನೆ ಎಳೆಯಬೇಡಿ. ಸರ್ವಿಸ್ ಅಂತ ಬರೆದ ಯುಎಸ್‌ಬಿ ಪೋರ್ಟ್ ಇದ್ದರೆ ಅದಕ್ಕೇ ಹಾಕಿ, ಮೆನುವಿನ ಸಪೋರ್ಟ್ ಭಾಗದಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಒತ್ತಿ. ಆ ಸಾಲು ಮಸುಕಾಗಿ ಕಂಡರೆ ಮೊದಲು ಪೋರ್ಟ್ ನೋಡಿ, ಆಮೇಲೆ ಫಾರ್ಮ್ಯಾಟ್, ಆಮೇಲೆ ಯಾವುದಾದರೂ ಕೇಬಲ್‌ನಿಂದ ಚಿತ್ರ ಬರುತ್ತಿದೆಯಾ ಅಂತ.

ಕೇಬಲ್ ದಾರಿ

ಡೆಲ್‌ನವರು ಮಾದರಿಗೊಂದು ಅಪ್‌ಡೇಟ್ ಪ್ರೋಗ್ರಾಮ್ ಕೊಡುತ್ತಾರೆ. ಗಿಗಾಬೈಟ್‌ಗೆ ಓಎಸ್‌ಡಿ ಸೈಡ್‌ಕಿಕ್, ಎಲ್‌ಜಿಗೆ ಆನ್‌ಸ್ಕ್ರೀನ್ ಕಂಟ್ರೋಲ್ ಅಂತ ಅವರದೇ ಪ್ರೋಗ್ರಾಮ್‌ಗಳಿವೆ. ಇಲ್ಲಿ ಜನ ಮರೆಯುವುದು ಒಂದೇ ವಿಷಯ. ಡಿಸ್ಪ್ಲೇಪೋರ್ಟ್ ಅಥವಾ ಎಚ್‌ಡಿಎಂಐ ಕೇಬಲ್ ಇದ್ದರೆ ಸಾಲದು, ಕಂಪ್ಯೂಟರ್‌ನಿಂದ ಮಾನಿಟರ್‌ಗೆ ಯುಎಸ್‌ಬಿ ಕೇಬಲ್ಲೂ ಹೋಗಿರಬೇಕು. ಮಾನಿಟರ್ ಹಿಂದೆ ಚೌಕಾಕಾರದ ಪೋರ್ಟ್ ಇರುತ್ತದೆ, ಹಳೆಯ ಪ್ರಿಂಟರ್‌ಗೆ ಹಾಕುತ್ತಿದ್ದೆವಲ್ಲ, ಅದೇ. ಆ ಕೇಬಲ್ ಡಬ್ಬಿಯಲ್ಲೇ ಬಂದಿರುತ್ತದೆ, ಮುಕ್ಕಾಲು ಜನ ಅದನ್ನು ಯಾತಕ್ಕೆ ಅಂತ ಗೊತ್ತಾಗದೆ ಡಬ್ಬಿಯಲ್ಲೇ ಬಿಟ್ಟು ಅಟ್ಟಕ್ಕೆ ಹಾಕಿರುತ್ತಾರೆ. ಟೈಪ್-ಸಿ ಆದರೆ ಫೋನ್ ಚಾರ್ಜರ್ ಜೊತೆ ಬಂದ ಕೇಬಲ್ ಬಳಸಬೇಡಿ, ನಾನು ಅದನ್ನೇ ಹಾಕಿಕೊಂಡು ‘ಮಾನಿಟರ್ ಸಿಗುತ್ತಿಲ್ಲ’ ಅನ್ನುವ ಸಂದೇಶವನ್ನು ಒಂದು ಗಂಟೆ ನೋಡಿದ್ದೇನೆ. ಅಂಥ ಎಷ್ಟೋ ಕೇಬಲ್‌ಗಳು ಚಾರ್ಜ್‌ಗೆ ಮಾತ್ರ ಸರಿ, ಹೆಚ್ಚಿನ ವೇಗದ ಡೇಟಾಗಲ್ಲ. ಮೆನುವಿನಲ್ಲಿ ಡಿಡಿಸಿ/ಸಿಐ ಅಂತ ಒಂದು ಸಾಲಿದ್ದರೆ ಆನ್ ಇರಲಿ, ಕಂಪ್ಯೂಟರ್ ಮಾನಿಟರ್ ಜೊತೆ ಮಾತಾಡುವುದು ಅದರಲ್ಲೇ.

ಪ್ರೋಗ್ರಾಮ್ ಓಡಿಸಿದರೆ ಈಗಿನ ನಂಬರ್, ಹೊಸ ನಂಬರ್ ಎರಡೂ ತೋರಿಸುತ್ತದೆ. ಅಪ್‌ಡೇಟ್ ಒತ್ತಿದ ಮೇಲೆ ಎದ್ದು ಕಾಫಿ ಮಾಡಿಕೊಳ್ಳಿ. ಪರದೆ ಕಪ್ಪಾಗಬಹುದು, ಪವರ್ ದೀಪ ಮಿಟುಕಬಹುದು, ಐದು ನಿಮಿಷವೂ ಆಗಬಹುದು, ಇಪ್ಪತ್ತೂ ಆಗಬಹುದು. ಯಾವ ಗುಂಡಿಯನ್ನೂ ಮುಟ್ಟಬೇಡಿ.

ಲಿನಕ್ಸ್‌ನವರಿಗೆ ಕಂಪನಿಗಳು ಹೆಚ್ಚಾಗಿ ಏನೂ ಕೊಡುವುದಿಲ್ಲ. ಎಫ್‌ಡಬ್ಲ್ಯುಅಪ್‌ಡಿ ಅನ್ನುವ ಮುಕ್ತ ಸಾಧನ ಕೆಲವು ಹಬ್, ಡಾಕ್, ಮಾನಿಟರ್‌ಗಳನ್ನು ಗುರುತಿಸುತ್ತದೆ, ಒಮ್ಮೆ ಓಡಿಸಿ ನೋಡಿ. ಇಲ್ಲದಿದ್ದರೆ ಗೆಳೆಯರ ವಿಂಡೋಸ್ ಲ್ಯಾಪ್‌ಟಾಪ್ ಒಂದು ಗಂಟೆಗೆ ಎರವಲು ತನ್ನಿ.

ವೈಫೈ ಮತ್ತು ಮ್ಯಾಕ್

ಸ್ಮಾರ್ಟ್ ಮಾನಿಟರ್‌ಗಳಲ್ಲಿ ಟಿವಿಯಂತೆಯೇ: ಸೆಟ್ಟಿಂಗ್ಸ್, ಸಪೋರ್ಟ್, ಸಾಫ್ಟ್‌ವೇರ್ ಅಪ್‌ಡೇಟ್. ಆಟೋ ಅಪ್‌ಡೇಟ್ ಅನ್ನುವುದನ್ನು ನಾನು ಆಫ್ ಮಾಡಿಡುತ್ತೇನೆ, ಯಾವಾಗ ಮಾಡಬೇಕು ಅನ್ನುವುದನ್ನು ನಾನು ತೀರ್ಮಾನಿಸಬೇಕು, ಅದಲ್ಲ. ಅಲ್ಲಿಗೆ ಹೋದಾಗಲೇ ಪ್ರೈವಸಿ ಮೆನುವಿಗೂ ಒಂದು ಸುತ್ತು ಹೋಗಿಬನ್ನಿ. 2024ರಲ್ಲಿ ಲಂಡನ್, ಮ್ಯಾಡ್ರಿಡ್, ಕ್ಯಾಲಿಫೋರ್ನಿಯಾದ ಸಂಶೋಧಕರು ಸ್ಯಾಮ್‌ಸಂಗ್, ಎಲ್‌ಜಿ ಸ್ಮಾರ್ಟ್ ಟಿವಿಗಳನ್ನು ಪರೀಕ್ಷಿಸಿ, ಅವನ್ನು ಎಚ್‌ಡಿಎಂಐ ಹಾಕಿ ಬರೀ ಪರದೆಯಾಗಿ ಬಳಸಿದಾಗಲೂ ಪರದೆಯಲ್ಲಿ ಏನು ಬರುತ್ತಿದೆ ಅಂತ ಗುರುತಿಸುವ ವ್ಯವಸ್ಥೆ ಕೆಲಸ ಮಾಡುತ್ತದೆ ಅಂತ ಕಂಡುಕೊಂಡರು. ಅನುಮತಿ ವಾಪಸ್ ತಗೊಂಡರೆ ನಿಲ್ಲುತ್ತದೆ ಅಂತಲೂ ಹೇಳಿದರು. ಅದು ಟಿವಿಯ ಅಧ್ಯಯನ, ಸರಿ. ಆದರೆ ಟಿವಿಯ ವ್ಯವಸ್ಥೆಯೇ ಮಾನಿಟರ್‌ನಲ್ಲೂ ಇರುವಾಗ ವ್ಯೂಯಿಂಗ್ ಇನ್ಫರ್ಮೇಷನ್ ಥರದ ಹೆಸರು ಕಂಡರೆ ಆಫ್ ಮಾಡುವುದೇ ಮೇಲು.

ಆಪಲ್ ಸ್ಟುಡಿಯೋ ಡಿಸ್ಪ್ಲೇಗೆ ದಾರಿ ಒಂದೇ, ಮ್ಯಾಕ್. ಮ್ಯಾಕ್‌ಒಎಸ್ 12.3 ಅಥವಾ ಮುಂದಿನದು ಇರಬೇಕು, ಸಾಫ್ಟ್‌ವೇರ್ ಅಪ್‌ಡೇಟ್ ತೆರೆದರೆ ಅಲ್ಲೇ ಮಾನಿಟರ್ ಹೆಸರೂ ಬರುತ್ತದೆ. ವಿಂಡೋಸ್‌ಗೆ ಹಾಕಿಕೊಂಡವರಿಗೆ ಚಿತ್ರ ಬರುತ್ತದೆ, ಅಪ್‌ಡೇಟ್ ಬರುವುದಿಲ್ಲ. ಕ್ಯಾಮೆರಾ ಚೆನ್ನಾಗಿಲ್ಲ ಅಂತ ಶುರುವಿನಲ್ಲಿ ಎಲ್ಲರೂ ಬೈದದ್ದಕ್ಕೆ 2022ರ ಮೇನಲ್ಲಿ ಫರ್ಮ್‌ವೇರ್ 15.5 ಬಂತು. ಅದಕ್ಕಿಂತ ಮುಂಚೆ ಏಪ್ರಿಲ್‌ನಲ್ಲಿ ಒಂದು ತಮಾಷೆ ಆಯಿತು. ಐಫೋನ್‌ಗೆ 15.4.1 ಬಂದ ಮೇಲೆ ಆಪಲ್ ಹಳೆಯ 15.4ಕ್ಕೆ ಸಹಿ ಹಾಕುವುದನ್ನು, ಅಂದರೆ ಅದನ್ನು ಹಾಕಿಕೊಳ್ಳಲು ಒಪ್ಪಿಗೆ ಕೊಡುವುದನ್ನು, ನಿಲ್ಲಿಸಿತು, ಮಾನಿಟರ್‌ಗೆ ಬೇಕಿದ್ದದ್ದು ಆ 15.4ರದೇ ಫರ್ಮ್‌ವೇರ್, ಹಾಗಾಗಿ ಅದನ್ನು ಹಾಕಲು ಹೋದವರಿಗೆಲ್ಲ ಎರರ್. ಅದೇ ವರ್ಷ ಜುಲೈನಲ್ಲಿ ಸ್ಪೀಕರ್ ಕಟ್ ಕಟ್ ಆಗುವ ತೊಂದರೆ ಬಂದಾಗ, ಅದಕ್ಕೆ ಅಪ್‌ಡೇಟ್ ಸಿದ್ಧವಾಗುವ ತನಕ ಆಪಲ್ ಕೊಟ್ಟ ಸಲಹೆ ಏನು ಗೊತ್ತಾ? ಪ್ಲಗ್ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಹಾಕಿ. ಅದರಲ್ಲಿ ಪವರ್ ಗುಂಡಿಯೂ ಇಲ್ಲ ನೋಡಿ.

ಕೆಲವಕ್ಕೆ ದಾರಿಯೇ ಇಲ್ಲ. ಏಲಿಯನ್‌ವೇರ್ ಎಡಬ್ಲ್ಯು3423ಡಿಡಬ್ಲ್ಯು ಅಷ್ಟು ದುಬಾರಿ ಮಾನಿಟರ್ ಆದರೂ ಮನೆಯಲ್ಲಿ ಅಪ್‌ಡೇಟ್ ಮಾಡಲು ಬರುವುದಿಲ್ಲ. ಕೊನೆಗೆ ಎಫ್ ಅಕ್ಷರ ಸೇರಿಸಿ ಆಮೇಲೆ ಬಂದ ಅದರ ತಮ್ಮನಿಗೆ ಯುಎಸ್‌ಬಿಯಿಂದ ಆಗುತ್ತದೆ. ಹೊಸದು ಕೊಳ್ಳುವವರು ಈ ಒಂದು ಪ್ರಶ್ನೆಯನ್ನು ಹರ್ಟ್ಸ್ ಜೊತೆಗೇ ಕೇಳಿ.

ಆದ ಮೇಲೆ, ಅಥವಾ ಆಗದೆ ಹೋದರೆ

ಮುಗಿದ ಮೇಲೆ ಪ್ಲಗ್ ಒಮ್ಮೆ ಕಿತ್ತು ಹಾಕಿ, ಮೆನುವಿನಲ್ಲಿ ಹೊಸ ನಂಬರ್ ಬಂದಿದೆಯಾ ನೋಡಿ, ಒಂದು ಫ್ಯಾಕ್ಟರಿ ರೀಸೆಟ್ ಮಾಡಿ, ಫೋಟೋ ನೋಡಿಕೊಂಡು ಸೆಟ್ಟಿಂಗ್ ಮತ್ತೆ ಹಾಕಿ. ಇಡಿಐಡಿ ಬದಲಾಗಿದ್ದರೆ ವಿಂಡೋಸ್ ಇದನ್ನು ಹೊಸ ಮಾನಿಟರ್ ಅಂತಲೇ ತಿಳಿಯುತ್ತದೆ, 144 ಹರ್ಟ್ಸ್ ಇದ್ದದ್ದು 60ಕ್ಕೆ ಬಂದಿರಬಹುದು. ಗಾಬರಿ ಬೇಡ, ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ ಮತ್ತೆ ಆರಿಸಿ.

ಅಪ್‌ಡೇಟ್ ಶೇಕಡಾ 99ರಲ್ಲಿ ನಿಂತಿದೆಯಾ? ಇನ್ನೂ ಅರ್ಧ ಗಂಟೆ ಕಾಯಿರಿ. ಇದು ಹೇಳಲು ಸುಲಭ, ಕಪ್ಪು ಪರದೆ ಮುಂದೆ ಕೂತು ಕಾಯುವುದು ಬಹಳ ಕಷ್ಟ, ಗೊತ್ತು. ಆಮೇಲೂ ಅಲ್ಲಾಡದಿದ್ದರೆ ಪ್ಲಗ್ ತೆಗೆದು ಎರಡು ನಿಮಿಷ ಬಿಟ್ಟು ಹಾಕಿ, ಬೇರೆ ಪೋರ್ಟ್, ಬೇರೆ ಕೇಬಲ್ ನೋಡಿ, ಪ್ರೋಗ್ರಾಮ್ ಮತ್ತೆ ಓಡಿಸಿ. ಕೆಲವು ಮಾದರಿಗಳು ಪರದೆ ಸತ್ತಿದ್ದರೂ ಯುಎಸ್‌ಬಿಯಲ್ಲಿ ಇನ್ನೂ ಸಿಗುತ್ತವೆ. ಅದೂ ಆಗದಿದ್ದರೆ ಸರ್ವಿಸ್ ಸೆಂಟರ್, ಅಲ್ಲಿ ಸಾಮಾನ್ಯವಾಗಿ ಮೇನ್ ಬೋರ್ಡನ್ನೇ ಬದಲಿಸುತ್ತಾರೆ. ವಾರಂಟಿ ಮುಗಿಯಲು ಒಂದು ತಿಂಗಳಿದೆ ಅಂತಿದ್ದರೆ ಈ ಕೆಲಸ ಅದಕ್ಕಿಂತ ಮುಂಚೆಯೇ ಮಾಡಿ ಅನ್ನುವುದು ಇದಕ್ಕೇ. ಎರಡು ಗುಂಡಿ ಒಟ್ಟಿಗೆ ಒತ್ತಿ ತೆರೆಯುವ ಗುಪ್ತ ಸರ್ವಿಸ್ ಮೆನು ಬಗ್ಗೆ ಯಾರಾದರೂ ಹೇಳಿದರೆ ಕೇಳಿಸಿಕೊಂಡು ಬಿಟ್ಟುಬಿಡಿ. ಹಳೆಯದಕ್ಕೆ ವಾಪಸ್ ಹೋಗಲು ಎಷ್ಟೋ ಮಾದರಿಗಳು ಬಿಡುವುದಿಲ್ಲ, ಅದೂ ತಲೆಯಲ್ಲಿರಲಿ.

ಓಎಲ್‌ಇಡಿ ಮಾನಿಟರ್ ಇರುವವರಿಗೆ ಇನ್ನೊಂದು ಮಾತು. ನೀವು ಆಫ್ ಮಾಡಿದ ಮೇಲೆ ಅದು ಪಿಕ್ಸೆಲ್ ರಿಫ್ರೆಶ್ ಅಂತ ಒಂದು ಕೆಲಸ ಮಾಡಿಕೊಳ್ಳುತ್ತದೆ. ಏಲಿಯನ್‌ವೇರ್‌ನಲ್ಲಿ 4 ಗಂಟೆ ಬಳಕೆಗೊಮ್ಮೆ ಕೆಲವು ನಿಮಿಷ, 1500 ಗಂಟೆಗೊಮ್ಮೆ ದೊಡ್ಡದು. ಪರದೆಯಲ್ಲಿ ಕಲೆ ಉಳಿಯದಿರಲು ಇದು ಬೇಕು, ಇದಕ್ಕೆ ಕರೆಂಟ್ ಬೇಕು. ನಮ್ಮ ಮನೆಗಳಲ್ಲಿ ಕೆಲಸ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡುವ ಅಭ್ಯಾಸ ಅಲ್ವಾ, ಅದು ಇಲ್ಲಿ ಆಗುವುದಿಲ್ಲ.

ನಮ್ಮಮ್ಮ ಮಲಗುವ ಮುಂಚೆ ಮನೆಯ ಎಲ್ಲ ಸ್ವಿಚ್ ನೋಡಿಕೊಂಡು ಬರುತ್ತಾರೆ. ಮಾನಿಟರ್‌ನ ಸ್ವಿಚ್ ಮೇಲೆ ‘ಇದನ್ನು ಆಫ್ ಮಾಡಬೇಡಿ’ ಅಂತ ಚೀಟಿ ಅಂಟಿಸಿದೆ. ಈಗ ಅದನ್ನು ಬಿಟ್ಟು ಪಕ್ಕದ್ದನ್ನು ಆಫ್ ಮಾಡುತ್ತಾರೆ. ಅದು ರೂಟರ್‌ದು.